ತೂತು ಹೊಡೆಯದ ಚೀಟಿ

ಶುಕ್ರವಾರ ಬೆಳಗಾದರೆ ವರ್ನಾ ಟ್ಯಾಕೆಟ್ ಮಾಡುವ ಮೊದಲ ಕೆಲಸ ಶಿಲುಬೆಯನ್ನು ಉಗ್ರಾಣಕ್ಕೆ ತಳ್ಳುವುದು. ಫೋರ್ಟ್ ಕೆಲ್ಟನ್ ದಂಡಿನ ಪ್ರಾರ್ಥನಾ ಮಂದಿರದ ಶಿಲುಬೆಗೆ ಕೆಳಗೆ ನಾಲ್ಕು ಗಾಲಿಗಳಿದ್ದವು. ಶುಕ್ರವಾರ ಮಧ್ಯಾಹ್ನ ಮುಸಲ್ಮಾನ ಸೈನಿಕರ ನಮಾಜು, ಸಂಜೆ ಯೆಹೂದ್ಯರು, ಭಾನುವಾರ ಮೊದಲು ಕ್ಯಾಥೊಲಿಕ್ಕರು, ಅವರ ಹಿಂದೆಯೇ ಬ್ಯಾಪ್ಟಿಸ್ಟರು. ಕೋಣೆ ಒಂದೇ, ವೇದಿಕೆ ಒಂದೇ, ದೇವರುಗಳು ಮಾತ್ರ ಸರದಿಯ ಮೇಲೆ ಬಂದುಹೋಗುವವರು. ಹದಿನೇಳು ವರ್ಷದಿಂದ ಸೈನ್ಯದಲ್ಲಿ ಪಾದ್ರಿಯ ಸಹಾಯಕಿಯಾಗಿದ್ದ ವರ್ನಾಗೆ ಯಾರಿಗೆ ಯಾವ ಬಟ್ಟೆ ಹಾಸಬೇಕು, ಯಾರಿಗೆ ಏನು ಕಣ್ಣಿಗೆ ಬೀಳಬಾರದು ಎಂಬುದೆಲ್ಲ ಅಡುಗೆಮನೆಯ ಡಬ್ಬಿಗಳಷ್ಟೇ ಪರಿಚಿತ. ಇವತ್ತು ಮಾತ್ರ ಒಂದು ಗಾಲಿ ಕಾರ್ಪೆಟ್ಟಿನ ಹೊಲಿಗೆಗೆ ಸಿಕ್ಕಿ ನಿಂತುಬಿಟ್ಟಿತು. ಅವಳು ಶಿಲುಬೆಯನ್ನು ತಬ್ಬಿಕೊಂಡು ಒಮ್ಮೆ ಎತ್ತಿದಳು, ಆಗಲಿಲ್ಲ. ಹಾಗೇ ತಬ್ಬಿಕೊಂಡು ನಿಂತು ಗೋಡೆಯ ಗಡಿಯಾರ ನೋಡಿದಳು. ಎಂಟೂವರೆ. ಹನ್ನೊಂದಕ್ಕೆ ಟೆಸ್ಸಾ ಬರುತ್ತಾಳೆ. ಲೈಲ್ ಬ್ರಾನಿಗನ್ನನ ಹೆಂಡತಿ ಟೆಸ್ಸಾ. ಸೈನಿಕನಾಗಿದ್ದ ಲೈಲ್ ಅಫ್ಘಾನಿಸ್ತಾನದಲ್ಲಿ ಸತ್ತು ಏಳು ತಿಂಗಳಾಯಿತು, ಗೋರಿಯ ಮೇಲೆ ಇನ್ನೂ ಕಲ್ಲು ನಿಂತಿಲ್ಲ, ಯಾಕೆಂದರೆ ಕಲ್ಲಿನ ಅರ್ಜಿಯಲ್ಲಿ ಒಂದು ಚೌಕ ಖಾಲಿ ಇದೆ. ಹೆಸರಿನ ಮೇಲೆ ಯಾವ ಮತದ ಗುರುತು ಕೆತ್ತಬೇಕು ಎನ್ನುವ ಚೌಕ. ಅದನ್ನು ತುಂಬುವ ಹಕ್ಕು ಟೆಸ್ಸಾಳದು. ಏನು ತುಂಬಬೇಕೆಂದು ಕೇಳಿಕೊಂಡು ಹೋಗಲು ಬರುತ್ತಿರುವುದು ವರ್ನಾಳ ಹತ್ತಿರ.

ಯಾಕೆ ತನ್ನ ಹತ್ತಿರ ಎಂದು ಕೇಳಿಕೊಳ್ಳುವಂತಿರಲಿಲ್ಲ. ಕಾಗದ ಬರೆದವಳು ತಾನೇ. ಸತ್ತವರ ಮನೆಗೆ ಪಾದ್ರಿಗಳು ಒಂದು ಕಾಗದ ಬರೆಯುತ್ತಾರೆ, ಆದರೆ ಆ ದಿನ ಪಾದ್ರಿ ಎಸ್ಟೆಪ್ ಬೇರೆ ಠಾಣೆಯಲ್ಲಿದ್ದರು, ಆಸ್ಪತ್ರೆಯ ಡೇರೆಯಲ್ಲಿ ಲೈಲನ ತಲೆಯ ಹತ್ತಿರ ಮೊಣಕಾಲೂರಿ ಕೂತಿದ್ದವಳು ವರ್ನಾ, ಹಾಗಾಗಿ ನೀನೇ ಬರಿ ಅಂದಿದ್ದರು. ಬರೆದಳು. ಲೈಲನ ತಾಯಿಗೂ ಹೆಂಡತಿಗೂ ಒಂದೇ ಕಾಗದ, ಎರಡು ಪ್ರತಿ. ಅದರಲ್ಲಿ ಒಂದು ವಾಕ್ಯ: ಕೊನೆಯ ಗಳಿಗೆಯಲ್ಲಿ ನಾನು ಕರ್ತನ ಪ್ರಾರ್ಥನೆ ಹೇಳುತ್ತಿದ್ದಾಗ ಅವನ ತುಟಿಗಳೂ ಅದರ ಜೊತೆ ಆಡಿದವು. ಬರೆಯುವಾಗ ಅದು ಸುಳ್ಳು ಅನ್ನಿಸಿರಲಿಲ್ಲ. ತುಟಿ ಆಡಿದ್ದು ನಿಜ, ಪ್ರಾರ್ಥನೆ ನಡೆಯುತ್ತಿದ್ದದ್ದೂ ನಿಜ. ನಡುವೆ ‘ಜೊತೆ’ ಅನ್ನುವುದನ್ನು ಅವಳು ಊಟಕ್ಕೆ ಉಪ್ಪು ಹಾಕುವಷ್ಟು ಸಲೀಸಾಗಿ ಹಾಕಿದ್ದಳು.

ಶಿಲುಬೆ ಕೊನೆಗೂ ಅಲ್ಲಾಡಿತು. ಉಗ್ರಾಣದ ಬಾಗಿಲು ಹಾಕುವಾಗ ಕಿಟಕಿಯಿಂದ ಮಂದಿರದ ಹಿಂದಿನ ಹುಲ್ಲು ಕಾಣಿಸಿತು. ಅಕ್ಟೋಬರ್ ತಿಂಗಳ ಗಾಳಿಗೆ ಓಕ್ಲಹೋಮದ ಕೆಂಪು ಧೂಳು ಅದರ ಮೇಲೆ ಕೂತಿತ್ತು. ‘ಬುಧವಾರ ಸಂಜೆ ಆರು: ವಿಕ್ಕಾ ಮತ್ತು ಇತರ ನಿಸರ್ಗಪೂಜಕರು, ಹಿಂದಿನ ಹುಲ್ಲುಹಾಸು’ ಎಂದು ಸಮಯಪಟ್ಟಿಯಲ್ಲಿ ಟೈಪು ಮಾಡಿದವಳು ಅವಳೇ, ಮತ್ತು ಹಾಗೆ ಟೈಪು ಮಾಡಿದ್ದರ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಬೇರೆ ದಂಡುಗಳಲ್ಲಿ ಅವರಿಗೆ ಜಾಗವೇ ಕೊಡುವುದಿಲ್ಲವಂತೆ. ಇಲ್ಲಿ ಒಂಬತ್ತು ಜನ ಬೂಟು ಬಿಚ್ಚಿ ವೃತ್ತವಾಗಿ ನಿಲ್ಲುತ್ತಿದ್ದರು. ಪಕ್ಕದಲ್ಲೇ ಗ್ಯಾಸಿನ ಟ್ಯಾಂಕು ಇದ್ದದ್ದರಿಂದ ಬೆಂಕಿ ಕೂಡದು; ವರ್ನಾ ಅವರಿಗೆ ಬ್ಯಾಟರಿ ದೀಪ ತಂದುಕೊಟ್ಟಳು. ಪೂಜೆಯ ಚೂರಿಗೆ ಅನುಮತಿ ಸಿಗಲಿಲ್ಲ. ಲೈಲ್ ಡೇರೆಯ ಗೂಟವೊಂದನ್ನು ತೊಳೆದು, ಒರೆಸಿ, ಅದನ್ನೇ ಎತ್ತಿ ಹಿಡಿಯುತ್ತಿದ್ದ. “ಬ್ಯಾಟರಿ ಮುಗಿದ್ರೆ ದೇವಿ ಎದ್ದು ಹೋಗ್ತಾಳಾ ಸಾರ್ಜೆಂಟಮ್ಮ?” ಅಂತ ಕೇಳಿದ್ದ. “ನಿನ್ನ ದೇವಿ ಬಂದಿದ್ದು ಯಾವುದ್ರಲ್ಲೋ? ಮಾಟಗಾತಿಯರ ಹಾರೋ ಪೊರಕೆ ಎಲ್ಲಿ ನಿಲ್ಸಿದೀರ? ಆಫೀಸರ್ ಜಾಗದಲ್ಲಿ ನಿಲ್ಸಿದ್ರೆ ದಂಡ ಬೀಳುತ್ತೆ ನೋಡು” ಅಂದಿದ್ದಳು ಇವಳು. ಅವನು ನಕ್ಕಿದ್ದ. ಅವನು ಯಾವಾಗಲೂ ನಗುತ್ತಿದ್ದ. ಈಗ, ಏಳು ತಿಂಗಳಾದ ಮೇಲೆ, ಅವನ ಆ ನಗು ಪ್ರತಿ ಸಲವೂ ಒಂದು ಗಳಿಗೆ ತಡವಾಗಿ ಬರುತ್ತಿತ್ತಲ್ಲ ಎಂಬುದು ಅವಳಿಗೆ ನೆನಪಾಗುತ್ತಿತ್ತು, ಬಾಗಿಲು ಬಡಿದ ಮೇಲೆ ಒಳಗಿನವರು ಚೂರು ಯೋಚಿಸಿ ತೆರೆಯುತ್ತಾರಲ್ಲ, ಹಾಗೆ.

ಫೋನು ಹೊಡೆದುಕೊಂಡಿತು. ಲೈಲನ ತಾಯಿ ಓಪಲ್ ಬ್ರಾನಿಗನ್, ಆರ್ಕನ್ಸಾದಿಂದ. ತಿಂಗಳಿಗೊಮ್ಮೆ ಮಾಡುತ್ತಿದ್ದವರು ಈ ವಾರದಲ್ಲಿ ಮಾಡುತ್ತಿರುವುದು ಇದು ಮೂರನೆಯ ಸಲ.

“ಅವಳು ಬಂದ್ಲಾ ಮಗಳೇ?”

“ಇನ್ನೂ ಇಲ್ಲ ಅಮ್ಮ. ಹನ್ನೊಂದಕ್ಕೆ.”

“ಟೆಸ್ಸಾ ಕೆಟ್ಟೋಳಲ್ಲ ಕಣೆ, ನಾನು ಯಾವತ್ತೂ ಹಾಗೆ ಅಂದೋಳಲ್ಲ. ಅದೇನೋ ಹುಲ್ಲಲ್ಲಿ ನಿಂತ್ಕೊಂಡು ಚಂದ್ರನಿಗೆ ಕೈ ಮುಗಿಯೋದು, ವಯಸ್ಸಿನ ಹುಡುಗರು, ಮಾಡ್ತಾರೆ. ನನ್ನ ಮಗನಿಗೆ ಹನ್ನೊಂದು ತುಂಬಿದಾಗ ಹೊಳೇಲಿ ದೀಕ್ಷಾಸ್ನಾನ ಮಾಡ್ಸಿದ್ದೆ. ಮೂಗು ಹಿಡ್ಕೊಂಡು ಮುಳುಗಿದ್ದ ಕತ್ತೆ. ಎದ್ದು ಬಂದೋನೇ ‘ಅಮ್ಮ, ನೀರು ತಣ್ಣಗಿದೆ, ದೇವರು ಎಲ್ಲಿ?’ ಅಂದಿದ್ದ. ಇಡೀ ಸಭೆ ನಕ್ಕಿತ್ತು.” ಆ ಕಡೆ ಮೂಗು ಒರೆಸಿಕೊಂಡ ಸದ್ದು. “ನೀನು ಬರೆದ ಕಾಗದ ಬೈಬಲ್ಲಿನೊಳಗೆ ಇಟ್ಕೊಂಡಿದೀನಿ. ಮಡಿಸಿದ ಕಡೆ ಹರಿಯೋಕೆ ಬಂದಿದೆ. ಅದು ಬಂದ ಮೇಲೇ ನಂಗೆ ನಿದ್ದೆ ಅಂತ ಬರ್ತಿರೋದು, ಗೊತ್ತಾ? ನೀನು ಅವಳಿಗೆ ಬಾಯಲ್ಲೇ ಹೇಳಿಬಿಡು, ಪುಣ್ಯಾತ್ಗಿತ್ತಿ. ಬಾಯಲ್ಲಿ ಹೇಳಿದ್ರೆ ಒಪ್ತಾಳೆ.”

“ಹೇಳ್ತೀನಿ ಅಮ್ಮ,” ಅಂದಳು ವರ್ನಾ. ಫೋನು ಇಟ್ಟ ಮೇಲೆ ಏನು ಹೇಳುತ್ತೇನೆಂದು ಹೇಳಿದೆ ಎಂದು ಯೋಚಿಸುತ್ತ ನಮಾಜಿನ ಚಾಪೆಗಳನ್ನು ಹಾಸತೊಡಗಿದಳು. ಮೆಕ್ಕಾದ ಕಡೆಗೆ ನೆಲದ ಮೇಲೆ ಅವಳೇ ಅಂಟಿಸಿದ ಹಸಿರು ಪಟ್ಟಿಯೊಂದಿತ್ತು, ಈಶಾನ್ಯಕ್ಕೆ. ಅಂದರೆ ಪೂರ್ವ ಅದರ ಬಲಕ್ಕೆ, ನೀರಿನ ಪೀಪಾಯಿಯ ಹಿಂದೆ. ಬೇಡವೆಂದರೂ ಅವಳ ಮೈಗೆ ಅದು ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ಹಾಲಿನ ಡಬ್ಬಿ ತೆಗೆಯುವಾಗ, ಈ ಹಾಲಿನ ಹಿಂದೆ ಪೂರ್ವ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದಾಗ, ಕಾಲ ಕಡೆ ಪೂರ್ವ. ಮನೆಯಲ್ಲಿ ಮಂಚವನ್ನು ಎರಡು ಸಲ ತಿರುಗಿಸಿದ್ದಾಯಿತು. ಎಲ್ಲಿ ತಿರುಗಿಸಿದರೂ ಅದು ಯಾವುದೋ ಒಂದು ಮಗ್ಗುಲಲ್ಲಿ ಬಂದು ಕೂರುತ್ತಿತ್ತು, ಕೇಳಿದ್ದಕ್ಕೆ ಉತ್ತರ ಸಿಗದೆ ಎದ್ದು ಹೋಗದ ಮನುಷ್ಯನ ಹಾಗೆ.

ಹತ್ತು ಗಂಟೆಗೆ ಪಾದ್ರಿ ಎಸ್ಟೆಪ್ ಬಂದರು. ದೊಡ್ಡ ಮೈಯ, ಮೆತ್ತನೆ ದನಿಯ ಮನುಷ್ಯ. ಸೈನಿಕರ ಮಕ್ಕಳ ಹುಟ್ಟುಹಬ್ಬವನ್ನೂ ನೆನಪಿಟ್ಟುಕೊಳ್ಳುವವರು. ಕಾಫಿ ಬಗ್ಗಿಸಿಕೊಂಡು, ಕುಡಿಯದೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತ ನಿಂತರು. ವರ್ನಾ ಅವರ ಮುಖ ನೋಡದೆ ಹೇಳಿದಳು: “ಕಾಗದದಲ್ಲಿ ಬರೆದಿದ್ದು ಪೂರ್ತಿ ನಿಜ ಅಲ್ಲ ಪಾದ್ರಿಗಳೇ.”

ಅವರು ಕಾಫಿ ಕೆಳಗಿಟ್ಟರು. “ಪೂರ್ತಿ ನಿಜ ಇರೋ ಕಾಗದ ನಾನು ಒಂದೂ ಬರೆದಿಲ್ಲ ವರ್ನಾ. ‘ನೋವಾಗಲಿಲ್ಲ’ ಅಂತ ಎಷ್ಟು ಜನರಿಗೆ ಬರೆದಿದ್ದೀನಿ ಗೊತ್ತಾ?”

“ಅದು ಬೇರೆ.”

“ಬೇರೆ ಇರಬಹುದು. ಅವನು ವಿಕ್ಕಾ ಆಗಿದ್ದ ಅಂತ ನಂಗೂ ಗೊತ್ತು. ಅವರ ಆ ಐದು ಮೂಲೆ ನಕ್ಷತ್ರವನ್ನ ಕಲ್ಲಿನ ಮೇಲೆ ಹಾಕಬೇಡಿ ಅಂತ ನಾನು ಹೇಳೋನಲ್ಲ, ಅದು ಅವರ ಹಕ್ಕು. ಆದ್ರೆ ಆ ಹುಡುಗ ಹೋದ. ತಾಯಿ ಇದಾರೆ. ಒಂದು ವಾಕ್ಯದ ಮೇಲೆ ನಿಂತ್ಕೊಂಡು ಇದಾರೆ ಆ ಯಮ್ಮ. ಅದನ್ನ ಎಳೆಯೋ ಮೊದಲು ಯೋಚನೆ ಮಾಡು. ನಾನು ನಿಂಗೆ ಹೀಗೇ ಮಾಡು ಅನ್ನಲ್ಲ.” ಅವರು ನಿಜವಾಗಿಯೂ ಅನ್ನಲಿಲ್ಲ. ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಆಸ್ಪತ್ರೆಗೆ ಹೋಗಬೇಕೆಂದು ಹೊರಟರು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಒಳ್ಳೆಯ ಮನುಷ್ಯ ಹೀಗೆ ಬಾಗಿಲು ತೆರೆದಿಟ್ಟು ಹೋದರೆ ಒಳಗಿರುವವಳು ತಾನೇ ಹೊರಡಬೇಕಾಗುತ್ತದೆ.

ಕೆಳಗಿನ ಡ್ರಾಯರು ಎಳೆದಳು. ಹೊಲಿಗೆ ಬಿಟ್ಟ ಬೈಬಲ್ಲು, ಬ್ಯಾಟರಿ ದೀಪಗಳು, ಅದರಡಿಯಲ್ಲಿ ಹಳದಿ ಚೀಟಿ. ಸಾಯುವವರ ಹತ್ತಿರ ಪಾದ್ರಿ ಇಲ್ಲದಿದ್ದರೆ ಅವರವರ ಮತಕ್ಕೆ ತಕ್ಕದ್ದನ್ನು ಸಹಾಯಕರು ಓದಿ ಹೇಳಬೇಕು. ಅದಕ್ಕೆಂದು ವರ್ನಾಳ ಸೊಂಟದ ಚೀಲದಲ್ಲಿ ಕಬ್ಬಿಣದ ಬಳೆಯೊಂದಕ್ಕೆ ಪೋಣಿಸಿದ ಹನ್ನೊಂದು ಚೀಟಿಗಳಿದ್ದವು, ಕ್ಯಾಥೊಲಿಕ್ಕರಿಗೆ ಒಂದು, ಯೆಹೂದ್ಯರಿಗೆ ಒಂದು, ಬೌದ್ಧರಿಗೂ ಒಂದು. ಅಫ್ಘಾನಿಸ್ತಾನಕ್ಕೆ ಹೊರಡುವ ವಾರ ಲೈಲ್ ಈ ಹಳದಿ ಚೀಟಿಯನ್ನು ತಂದಿದ್ದ, ಶಾಲೆಯ ಹುಡುಗನ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದು. “ನಮಗೂ ಒಂದು ಇರಲಿ ಸಾರ್ಜೆಂಟಮ್ಮ. ಹೆದರಬೇಡಿ, ಮಂತ್ರ ಗಿಂತ್ರ ಏನಿಲ್ಲ. ಪೂರ್ವ ಯಾವ ಕಡೆ ಅಂತ ಮೊದಲು ತೋರ್ಸಿ. ಆಮೇಲೆ ದಕ್ಷಿಣ, ಪಶ್ಚಿಮ, ಉತ್ತರ. ಒಂದೊಂದಕ್ಕೂ ‘ಬಂದಿದ್ದು ಸಂತೋಷ, ಹೋಗಿ ಬನ್ನಿ’ ಅನ್ನಿ. ನೆಂಟರನ್ನ ಬಾಗಿಲ ತನಕ ಕಳಿಸ್ತೀವಲ್ಲ, ಹಾಗೆ. ಅರ್ಧ ನಿಮಿಷ ಸಾಕು.” “ಕೊಡು, ತೂತು ಹೊಡೆದು ಬಳೆಗೆ ಹಾಕ್ತೀನಿ,” ಅಂದಿದ್ದಳು. ತೂತು ಹೊಡೆಯುವ ಯಂತ್ರ ಆಚೆ ಮೇಜಿನ ಮೇಲಿತ್ತು. ಆಚೆ ಮೇಜು ಅಂದರೆ ಎಂಟು ಹೆಜ್ಜೆ. ಆವತ್ತು ಇಡದ ಆ ಎಂಟು ಹೆಜ್ಜೆಗಳನ್ನು ಅವಳು ಏಳು ತಿಂಗಳಿಂದ ಒಮ್ಮೆ ಎಡಗಾಲಿನಿಂದ, ಒಮ್ಮೆ ಬಲಗಾಲಿನಿಂದ ಶುರುಮಾಡಿ ಎಣಿಸಿದ್ದಾಳೆ.

ಆದರೆ ಚೀಟಿ ಬಳೆಯಲ್ಲಿರಲಿಲ್ಲ ಎನ್ನುವುದೂ ನೆಪವೇ. ಅದರಲ್ಲಿದ್ದದ್ದು ಅವಳಿಗೆ ಬಾಯಿಪಾಠವಾಗಿತ್ತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಟೆಸ್ಸಾ ಬಂದಳು. ಟೈರು ಅಂಗಡಿಯ ನೀಲಿ ಅಂಗಿಯಲ್ಲೇ ಇದ್ದಳು, ಜೇಬಿನ ಮೇಲೆ ಅವಳ ಹೆಸರಿನ ಹೊಲಿಗೆ, ಇಪ್ಪತ್ತೈದು ದಾಟಿರಲಾರದು. ಖಾಲಿ ವೇದಿಕೆಯನ್ನೂ ಚಾಪೆಗಳನ್ನೂ ನೋಡಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಡೆದು ನಿಂತಳು. “ಬಾ, ಈ ಕಡೆ ಬಾ,” ಅಂದಳು ವರ್ನಾ. ಕೊನೆಯ ಸಾಲಿನ ಬೆಂಚಿನಲ್ಲಿ ಇಬ್ಬರೂ ಕೂತರು. ಟೆಸ್ಸಾ ಅರ್ಜಿಯನ್ನು ತೊಡೆಯ ಮೇಲೆ ಬಿಡಿಸಿದಳು. ಖಾಲಿ ಚೌಕದ ಸುತ್ತ ಪೆನ್ನಿನ ಮೊನೆ ಊರಿದ ಸಣ್ಣ ಸಣ್ಣ ಚುಕ್ಕಿಗಳು.

“ಒಂದು ಗಂಟೆಗೆ ವಾಪಸ್ ಹೋಗ್ಬೇಕು, ರಜ ಕೊಡಲಿಲ್ಲ ಆ ಹಂದಿ. ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಲ್ಲ ಸಾರ್ಜೆಂಟ್. ಹಾಗೆ ನೋಡಿದ್ರೆ ನಾನು ಅಷ್ಟೇನೂ ನಂಬೋಳೂ ಅಲ್ಲ. ನಂಗೆ ಬುಧವಾರ ಅಂದ್ರೆ ಅವನು ಹಾಡ್ಕೊಂಡು ಮನೆಗೆ ಬರ್ತಿದ್ದ ದಿನ, ಅಷ್ಟೇ. ಪಾದಕ್ಕೆಲ್ಲ ಹುಲ್ಲು ಮೆತ್ಕೊಂಡಿರ್ತಿತ್ತು, ಹಾಸಿಗೆ ತುಂಬ ಉದುರ್ತಿತ್ತು. ಅವನು ಕೊನೇಲಿ ಅವರಮ್ಮನ ದೇವರ ಕಡೆ ತಿರುಗಿದ್ರೆ ತಿರುಗಿದ ಅಂತ ಹೇಳಿ, ಈಗಲೇ ಶಿಲುಬೆ ಅಂತ ಬರೀತೀನಿ. ಜಗಳ ಇಲ್ಲ. ಕಲ್ಲು ಅವನದು, ನಂದಲ್ಲ, ಅತ್ತೇದೂ ಅಲ್ಲ. ಅಲ್ಲಿದ್ದೋರು ನೀವು. ತುಟಿ ಆಡ್ಸಿದ್ನಾ?”

“ಆಡ್ಸಿದ.”

“ಪ್ರಾರ್ಥನೆ ಜೊತೆಗಾ?”

ಹೂಂ ಅಂದರೆ ಮುಗಿಯುತ್ತಿತ್ತು. ಓಪಲ್ ಈ ರಾತ್ರಿಯೂ ನಿದ್ದೆ ಮಾಡುತ್ತಿದ್ದರು, ಪಾದ್ರಿಗಳು ಮುಂದೆಂದೂ ಈ ಮಾತು ಎತ್ತುತ್ತಿರಲಿಲ್ಲ, ಈ ಹುಡುಗಿಯೂ ಮೂಗು ಒರೆಸಿಕೊಂಡು ಟೈರು ಅಂಗಡಿಗೆ ಹೊರಡುತ್ತಿದ್ದಳು. ವರ್ನಾ ಬಾಯಿ ತೆರೆದಳು, ಆ ದಿನದ ಡೇರೆಯ ಬಿಸಿ ಒಳಗೆ ನುಗ್ಗಿದಂತಾಯಿತು. ಮಧ್ಯಾಹ್ನ ಎರಡೂವರೆ. ಕ್ಯಾನ್ವಾಸು ಸುಟ್ಟ ವಾಸನೆ, ಯಾರದೋ ಕತ್ತರಿಸಿ ಎಸೆದ ಬೂಟು. ವೈದ್ಯನ ಸಹಾಯಕ ಕೈ ಒತ್ತಿಹಿಡಿದುಕೊಂಡೇ ಕೇಳಿದ್ದ: “ಇವನು ಯಾವ ಮತ?” ಕತ್ತಿನ ಗುರುತಿನ ಬಿಲ್ಲೆಯ ಮೇಲೆ ಅವನ ಮತದ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ವರ್ನಾ ಹೇಳಿದ್ದು, “ನಮ್ಮವನೇ.”

“ಇಲ್ಲ,” ಅಂದಳು ಈಗ. “ಪ್ರಾರ್ಥನೆ ಜೊತೆಗಲ್ಲ. ಅವನು ಒಂದು ಮಾತು ಕೇಳ್ತಿದ್ದ. ‘ಪೂರ್ವ ಯಾವ ಕಡೆ ಸಾರ್ಜೆಂಟಮ್ಮ?’ ಅಂತ. ಎರಡು ಸಲ ಜೋರಾಗೇ ಕೇಳ್ದ. ಆಮೇಲೆ ಉಸಿರು ಸಾಲಲಿಲ್ಲ, ತುಟೀಲಿ ಕೇಳ್ದ.”

“ನೀವು?”

“ಹೇಳ್ಲಿಲ್ಲ.”

“ಗೊತ್ತಿರಲಿಲ್ವಾ?”

“ಗೊತ್ತಿತ್ತು. ಡೇರೆ ಬಾಗಿಲೇ ಪೂರ್ವಕ್ಕಿತ್ತು. ಬೆರಳು ತೋರಿಸಿದ್ರೆ ಸಾಕಾಗಿತ್ತು.” ಡ್ರಾಯರಿನಿಂದ ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ಚೀಟಿಯನ್ನು ತೆಗೆದು ಕೊಟ್ಟಳು. “ಇದನ್ನ ಹೊರಡೋಕೆ ಮುಂಚೆ ಬರೆದುಕೊಟ್ಟಿದ್ದ. ನಾನು ಮಾತು ಕೊಟ್ಟಿದ್ದೆ.”

ಟೆಸ್ಸಾ ಓದಿದಳು. ಓದುವಾಗ ಅವಳ ಹೆಬ್ಬೆರಳು ಅಕ್ಷರಗಳ ಕೆಳಗೆ ಸಾಲುಸಾಲಾಗಿ ಸಾಗಿತು. ‘ಹೋಗಿ ಬನ್ನಿ’ ಎಂಬಲ್ಲಿ ನಿಂತಿತು. ಹೊರಗೆ ಯಾರೋ ಕವಾಯತಿನ ಲೆಕ್ಕ ಕೂಗುತ್ತಿದ್ದರು. “ನಿಮ್ಮ ದೇವರಿಗೆ ಬೇಜಾರಾಗುತ್ತೆ ಅಂತಾನಾ?” ಎಂದು ಕೇಳಿದಳು, ತಲೆಯೆತ್ತದೆ. “ಹಾಗಿದ್ರೆ ಹೇಳಿ. ಅದು ನಂಗೆ ಅರ್ಥ ಆಗುತ್ತೆ. ನಮ್ಮಜ್ಜಿ ಹಾಗಿದ್ಲು.”

ಇದೂ ತೆರೆದ ಬಾಗಿಲೇ. ವರ್ನಾ ಎಷ್ಟೋ ಭಾನುವಾರ ಇದೇ ಬಾಗಿಲಲ್ಲಿ ನುಸುಳಲು ನೋಡಿದ್ದಳು: ನನ್ನ ನಂಬಿಕೆ ದೊಡ್ಡದು, ಅದಕ್ಕೇ ಬೇರೆ ದೇವರ ಮಾತು ಬಾಯಿಗೆ ಬರಲಿಲ್ಲ, ಎಂದು. ಆದರೆ ಆ ಡೇರೆಯಲ್ಲಿ ದೇವರು ಅವಳ ನೆನಪಿಗೇ ಬಂದಿರಲಿಲ್ಲ. ಮೂರು ಅಡಿ ಆಚೆ ಕರ್ನಲ್ ಸ್ಟ್ರೌಡ್ ನಿಂತಿದ್ದ. ಅವನು ಆ ಬುಧವಾರದವರಿಗೆ ಎಂದೂ ಅಡ್ಡಿ ಮಾಡಿದವನಲ್ಲ, ಊಟದ ಸಾಲಿನಲ್ಲಿ ಸಿಕ್ಕಾಗಲೆಲ್ಲ “ಟ್ಯಾಕೆಟ್, ನಿನ್ನ ಮಾಟಗಾತಿಯರು ಹೇಗಿದಾರೆ?” ಅನ್ನುತ್ತಿದ್ದ, ಅಷ್ಟೇ. “ಇನ್ನೂ ಯಾರನ್ನೂ ಕಪ್ಪೆ ಮಾಡಿಲ್ಲ ಸರ್,” ಎಂದು ಇವಳು ಅನ್ನುತ್ತಿದ್ದಳು. ಸಾಲು ಸಾಲೇ ನಗುತ್ತಿತ್ತು. ಆ ನಗು ಅವಳಿಗೆ ಹಿತವಾಗಿತ್ತು, ಚಳಿಯಲ್ಲಿ ಯಾರೋ ಕೋಟು ಹೊದಿಸಿದ ಹಾಗೆ.

“ದೇವರಲ್ಲ,” ಅಂದಳು. “ಕರ್ನಲ್ ಅಲ್ಲೇ ನಿಂತಿದ್ದ. ಮತ್ತೆ ಹತ್ತು ಹನ್ನೆರಡು ಜನ. ಅಷ್ಟು ಜನರ ಮುಂದೆ ಮೊಣಕಾಲೂರಿ, ಪೂರ್ವವೇ ಹೋಗಿ ಬಾ, ದಕ್ಷಿಣವೇ ಹೋಗಿ ಬಾ ಅಂತ... ನಂಗೆ ನಾಚಿಕೆ ಆಯ್ತು ಟೆಸ್ಸಾ. ನಗ್ತಾರೆ ಅನ್ನಿಸ್ತು. ಬಾಯಿಗೆ ಸಲೀಸಾಗಿ ಬರೋದನ್ನ ಹೇಳ್ಬಿಟ್ಟೆ.”

ಟೆಸ್ಸಾ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ, ಎಷ್ಟೋ ಮೈಲಿ ಓಡಿದೆ ಎಂದು ತಂದ ಟೈರನ್ನು ಹೊರಳಿಸಿ ನೋಡಿ ಇದು ಅಷ್ಟೂ ಓಡಿಲ್ಲ ಎಂದು ಕಂಡುಹಿಡಿಯುವವಳ ಹಾಗೆ. “ನಾಚಿಕೆ,” ಅಂದಳು. “ಒಳ್ಳೆ ಕತೆ. ಏಳು ತಿಂಗಳು ನಾನು ಅವನ ಬಟ್ಟೆ ಒಗೀದೆ ಇಟ್ಕೊಂಡು ಇವನು ನಂಗೆ ಸುಳ್ಳು ಹೇಳ್ತಿದ್ನಾ, ಬುಧವಾರ ಎಲ್ಲ ನಾಟಕವಾ, ಅಂತ ಅವನನ್ನೇ ಕೇಳ್ತಿದ್ದೆ. ಸತ್ತೋನ ಜೊತೆ ಜಗಳ ಆಡ್ತಿದ್ದೆ ಸಾರ್ಜೆಂಟ್. ನಿಮಗೆ ನಾಚಿಕೆ ಆಗಿತ್ತು ಅಂತ.”

ಟೆಸ್ಸಾ ಅರ್ಜಿಯನ್ನು ತೊಡೆಯ ಮೇಲೆ ಮತ್ತೆ ನೇರ ಮಾಡಿಕೊಂಡಳು.

“ಅತ್ತೆಗೆ ನಾನು ಹೇಳಲ್ಲ. ಅದು ನಿಮ್ಮ ಕೆಲಸ. ಇವತ್ತೇ ಮಾಡಿ.”

“ಮಾಡ್ತೀನಿ.”

“ಬೈತಾರೆ.”

“ಬೈಯಲಿ.”

“ಬೈಯಲ್ಲ ಕಣ್ರೀ. ಅಳ್ತಾರೆ. ಅದು ಇನ್ನೂ ಕಷ್ಟ.” ಟೆಸ್ಸಾ ಕಿವಿಯ ಹಿಂದಿನಿಂದ ಪೆನ್ನು ತೆಗೆದು, ಖಾಲಿ ಚೌಕದಲ್ಲಿ ವೃತ್ತದೊಳಗಿನ ಐದು ಮೂಲೆಯ ನಕ್ಷತ್ರದ ಹೆಸರು ಬರೆದಳು. ಬರೆದದ್ದರ ಮೇಲೆ ಇನ್ನೊಮ್ಮೆ ತೀಡಿದಳು, ಅಚ್ಚಾಗಿ. ಸಹಿ ಹಾಕಿದಳು. ಅರ್ಜಿಯನ್ನು ಮಡಿಸಿ, ಚೀಟಿಯನ್ನು ಅದರ ಮಡಿಕೆಯೊಳಗೆ ಸೇರಿಸಿ, ಎದ್ದು ನಿಂತಳು. ಚಾಪೆಗಳ ಅಂಚಿನವರೆಗೆ ಹೋದವಳು ತಿರುಗಿ ಬಂದು ಮತ್ತೆ ಕೂತಳು.

“ಆವತ್ತು ಹೇಳಿದ್ರಲ್ಲ, ಅದನ್ನ ನಂಗೆ ಹೇಳಿ.”

“ಯಾವುದನ್ನ?”

“ನಿಮ್ಮ ಪ್ರಾರ್ಥನೇನ. ಹೇಗೆ ಹೇಳಿದ್ರೋ ಹಾಗೇ. ಅಷ್ಟೇ ದನಿ, ಅಷ್ಟೇ ನಿಧಾನ. ಅವನು ಕೊನೇಲಿ ಕೇಳಿದ್ದು ಅದೇ ತಾನೆ? ಒಳ್ಳೇದೋ ಕೆಟ್ಟದ್ದೋ, ಅವನ ಕಿವಿಗೆ ಬಿದ್ದಿದ್ದು ನಂಗೂ ಬೀಳ್ಬೇಕು.”

“ಟೆಸ್ಸಾ, ಬೇಡ.”

“ಹೇಳಿ.”

“ಕಿವಿ ಹತ್ರ ಬಗ್ಗಿ ಹೇಳಿದ್ದೆ,” ಅಂದಳು ವರ್ನಾ, ಇದರಿಂದಾದರೂ ತಪ್ಪಿಸಿಕೊಳ್ಳಬಹುದೆಂಬಂತೆ. ಟೆಸ್ಸಾ ಕೂದಲನ್ನು ಹಿಂದಕ್ಕೆ ಸರಿಸಿ ಎಡಗಿವಿಯನ್ನು ಅವಳ ಕಡೆ ತಿರುಗಿಸಿದಳು. ಕಿವಿಯ ಅಂಚಿನಲ್ಲಿ ಗ್ರೀಸಿನ ಕರಿ ಗೆರೆ, ರಬ್ಬರಿನ ವಾಸನೆ. ವರ್ನಾ ಬಗ್ಗಿದಳು. ಐದು ವರ್ಷದವಳಿದ್ದಾಗಿನಿಂದ ಹೇಳಿದ ಮಾತುಗಳು, ಒಂದನ್ನೊಂದು ಕೈಹಿಡಿದು ತಾವೇ ನಡೆಯುವ ಮಾತುಗಳು. ಈಗ ಒಂದೊಂದನ್ನೂ ಎತ್ತಿ ಇಡಬೇಕಾಯಿತು. ತಂದೆಯನ್ನು ಕರೆಯುವ ಸಾಲು. ಹೆಸರನ್ನು ಪವಿತ್ರವೆನ್ನುವ ಸಾಲು. ಅವನ ಇಚ್ಛೆ ಆಗಲಿ ಎನ್ನುವುದು. ತನ್ನ ಪಿಸುದನಿ ಆ ಸಣ್ಣ ಕಿವಿಯೊಳಗೆ ಇಳಿಯುವುದು ಅವಳಿಗೇ ಕೇಳಿಸುತ್ತಿತ್ತು, ಬಾವಿಗೆ ಹಾಕಿದ ಕಲ್ಲುಗಳ ಹಾಗೆ. ಇವತ್ತಿನ ರೊಟ್ಟಿ ಇವತ್ತು ಕೊಡು ಎನ್ನುವಲ್ಲಿಗೆ ಬಂದು ನಿಲ್ಲಿಸಿದಳು.

“ಆಮೇಲೆ?” ಅಂದಳು ಟೆಸ್ಸಾ.

“ಇಲ್ಲೀ ತನಕವೇ. ಇಲ್ಲಿಗೆ ಅವನು ಹೋಗ್ಬಿಟ್ಟಿದ್ದ.”

ಮುಂದಿನ ಸಾಲು ತಪ್ಪು ಮನ್ನಿಸು ಎಂದು ಕೇಳುವ ಸಾಲು. ಅದು ನಾಲಗೆಯ ತುದಿಗೆ ಬಂದು ಕೂತಿತ್ತು. ಪ್ರಾರ್ಥನೆಯನ್ನು ಮುಂದುವರಿಸಿದಂತೆ ಹೇಳಿಬಿಟ್ಟಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ವರ್ನಾ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಟೆಸ್ಸಾ ಕಿವಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಬ್ಬರೂ ಹಾಗೇ, ಒಬ್ಬಳ ಬಾಯಿ ಇನ್ನೊಬ್ಬಳ ಕಿವಿಗೆ ನಾಲ್ಕು ಬೆರಳು ದೂರದಲ್ಲಿ, ಆ ಸಾಲನ್ನು ನಡುವೆ ಇಟ್ಟುಕೊಂಡು, ಮೊದಲ ನಮಾಜಿನವನು ಬಾಗಿಲಲ್ಲಿ ಬೂಟು ಬಿಚ್ಚುವ ಸದ್ದಾಗುವವರೆಗೂ ಕೂತಿದ್ದರು.